ಹಿಂದಿನವರ ಹಾರ್ನ್‌ಗೆ ಹೆದರಬೇಡ, ಮಗಳೇ

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದು ರಾತ್ರಿಯೆಲ್ಲ ತಲೆಯಲ್ಲೇ ಇತ್ತು. ಬಳ್ಳಾರಿಯ ರಾಯಲ್ ಸರ್ಕಲ್‌ನಲ್ಲಿ ಹಸಿರು ದೀಪ ಬೀಳೋ ಹೊತ್ತಿಗೆ ಸರಿಯಾಗಿ ಕಾರು ಬಂದ್ ಬಿತ್ತು, ಹಿಂದಿನವರೆಲ್ಲ ಹಾರ್ನ್ ಹೊಡೆದರು, ಒಬ್ಬ ಬೈಕ್‌ನವನು ಪಕ್ಕಕ್ಕೆ ಬಂದು ಬೈದು ಹೋದ. ಇನ್ನು ಕಾರೇ ಮುಟ್ಟೋದಿಲ್ಲ, ಡ್ಯೂಟಿಗೆ ಆಟೋದಲ್ಲೇ ಹೋಗ್ತೀನಿ ಅಂದೆ. ಫೋನಿನಲ್ಲಿ ನಾನು ಏನು ಹೇಳಿದರೂ ನೀನು ‘ಆಯ್ತು ಅಪ್ಪ’ ಅಂದು ಮುಗಿಸಿಬಿಡ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿಧಾನಕ್ಕೆ ಓದು.

ಗಾಡಿ ಬಂದ್ ಬಿದ್ದದ್ದು ದೊಡ್ಡ ವಿಷಯವೇ ಅಲ್ಲ. ಹೊಸದಾಗಿ ಕಲಿತವರಿಗೆಲ್ಲ ಆಗುತ್ತದೆ. ಹಾರ್ನ್ ಕೇಳಿ ಗಾಬರಿಯಾಗಿ, ಕ್ಲಚ್ ಒಮ್ಮೆಲೇ ಬಿಟ್ಟು ಎರಡನೇ ಸಲ ಬಂದ್ ಬೀಳಿಸಿದೆಯಲ್ಲ, ನನಗೆ ಚಿಂತೆಯಾದದ್ದು ಅದು. ಹಿಂದೆ ಇರುವವರಿಗೆ ಕಾಣೋದು ನಿನ್ನ ಕಾರಿನ ಹಿಂಭಾಗ ಮಾತ್ರ. ನಿನ್ನ ಮುಂದೆ ಯಾರೋ ಅಜ್ಜಿ ರಸ್ತೆ ದಾಟುತ್ತಿದ್ದರೆ, ಬಲಗಡೆಯಿಂದ ಟಂಟಂ ಆಟೋ ನುಗ್ಗಿ ಬರುತ್ತಿದ್ದರೆ ಅವರಿಗೆ ಗೊತ್ತಾಗೋದಿಲ್ಲ. ಆದರೂ ಹಾರ್ನ್ ಹೊಡೀತಾರೆ. ಹೊಡೀಲಿ. ಮುಂದೆ ದಾರಿ ಇದೆಯಾ ಇಲ್ಲವಾ ಅಂತ ತೀರ್ಮಾನ ಮಾಡಬೇಕಾದವಳು ನೀನು.

ಮತ್ತೆ ಬಂದ್ ಬಿದ್ದರೆ ಹೀಗೆ ಮಾಡು. ಬ್ರೇಕ್ ಮೇಲೆ ಕಾಲಿಡು. ಕ್ಲಚ್ ಪೂರ್ತಿ ಒತ್ತು, ಗೇರ್ ನ್ಯೂಟ್ರಲ್‌ಗೆ ತಾ, ಸ್ಟಾರ್ಟ್ ಮಾಡು, ಫಸ್ಟ್ ಗೇರ್ ಹಾಕು. ಇಷ್ಟಾಗುವಾಗ ಕನ್ನಡಿ ನೋಡಬೇಡ. ಹೊರಡುವ ಮುಂಚೆ ಒಮ್ಮೆ ನೋಡಿದರೆ ಸಾಕು. ಕ್ಲಚ್ ಮೆಲ್ಲಗೆ ಬಿಡುತ್ತ ಬಾ, ಎಂಜಿನ್ ದನಿ ತಗ್ಗಿ ಗಾಡಿ ಸಣ್ಣಗೆ ನಡುಗುವ ಜಾಗದಲ್ಲಿ ಕಾಲು ನಿಲ್ಲಿಸು, ಆಮೇಲೆ ಆಕ್ಸಿಲರೇಟರ್ ಕೊಡು. ದೀಪ ಮತ್ತೆ ಕೆಂಪಾಯಿತಾ? ಆಗಲಿ. ಇನ್ನೊಂದು ಹಸಿರು ಬಂದೇ ಬರುತ್ತದೆ.

ಹಸಿರು ಬಿದ್ದ ಕೂಡಲೇ ಜಿಗಿಯಬೇಡ. ನಮ್ಮ ಕಡೆ ಕೆಂಪು ಬಿದ್ದ ಮೇಲೂ ಒಬ್ಬಿಬ್ಬರು ನುಗ್ಗೋದು ಇದ್ದದ್ದೇ. ಮೊದಲು ಬಲಕ್ಕೆ ನೋಡು, ಆಮೇಲೆ ಎಡಕ್ಕೆ. ನಾವು ರಸ್ತೆಯ ಎಡಕ್ಕೆ ಓಡಿಸುವವರು, ಹಾಗಾಗಿ ಮೊದಲು ಮೈಮೇಲೆ ಬರೋದು ಬಲಗಡೆಯ ಗಾಡಿ. ನೋಡುವಾಗ ಕತ್ತು ತಿರುಗಿಸಿದರೆ ಸಾಲದು, ಸ್ವಲ್ಪ ಮುಂದಕ್ಕೆ ಬಾಗಿ ನೋಡು. ಮುಂದಿನ ಗಾಜಿನ ಪಕ್ಕ ದಪ್ಪ ಕಂಬ ಇದೆಯಲ್ಲ, ಅದರ ಹಿಂದೆ ಒಂದು ಇಡೀ ಬೈಕ್ ಅಡಗಿಬಿಡುತ್ತದೆ. ನಿನ್ನ ವೇಗಕ್ಕೂ ಅದರ ವೇಗಕ್ಕೂ ಹೊಂದಿಕೆಯಾದರೆ ಕೊನೇ ಗಳಿಗೆಯವರೆಗೂ ಕಾಣೋದೇ ಇಲ್ಲ. ನಿನ್ನ ಕಾರಿನಲ್ಲಿ ಆ ಕಂಬ ಜಾಸ್ತಿ ದಪ್ಪ, ನಾನು ಕೂತು ನೋಡಿದ್ದೇನೆ.

ಸಿಗ್ನಲ್ ಇದ್ದ ಕಡೆ ನನಗೆ ಅಷ್ಟು ಭಯವಿಲ್ಲ. ಸಿಗ್ನಲ್ಲೂ ಇಲ್ಲದೆ ಪೊಲೀಸರೂ ಇಲ್ಲದ ಕಡೆಯೇ ಕಷ್ಟ. 2017ರ ಚಾಲನಾ ನಿಯಮದಲ್ಲಿ ಇದಕ್ಕೆ ದಾರಿ ಹೇಳಿದ್ದಾರೆ. ಅಂಥ ಕೂಡುರಸ್ತೆಯಲ್ಲಿ ನಿನ್ನ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಸರ್ಕಲ್ ಸುತ್ತು ಹಾಕುವ ಕಡೆ, ಆಗಲೇ ಒಳಗೆ ಸುತ್ತುತ್ತಿರುವವರು ಮೊದಲು. ನೀನು ಪರೀಕ್ಷೆಗೆ ಓದಿದ್ದೀಯ, ನಿನಗೆ ಗೊತ್ತು. ಎದುರಿನವರಿಗೆ ಗೊತ್ತಿದೆ ಅಂತ ಮಾತ್ರ ನಂಬಬೇಡ. ನಿನ್ನ ಸರದಿಯೇ ಇದ್ದರೂ ಅವರು ನಿಧಾನ ಮಾಡಿದ್ದು ಕಣ್ಣಿಗೆ ಕಂಡ ಮೇಲೆ ಹೋಗು. ಎದುರಿನ ಗಾಡಿಯ ಮುಂದಿನ ಚಕ್ರ ನೋಡುವುದು ರೂಢಿ ಮಾಡಿಕೋ. ಎಡಕ್ಕೆ ಇಂಡಿಕೇಟರ್ ಹಾಕಿ ನೇರ ಹೋಗುವವರು ಇದ್ದಾರೆ, ಆದರೆ ಚಕ್ರ ತಿರುಗದೆ ಯಾವ ಗಾಡಿಯೂ ತಿರುಗೋದಿಲ್ಲ.

ನಿನ್ನ ಇಂಡಿಕೇಟರ್ ಮಾತ್ರ ಸರಿಯಾಗಿರಲಿ. ಸರ್ಕಲ್‌ಗೆ ಬಂದು ನಿಂತ ಮೇಲಲ್ಲ, ಸಾಕಷ್ಟು ಮುಂಚೆಯೇ ಹಾಕು. ನೇರ ಹೋಗುವಾಗ ನಾಲ್ಕೂ ದೀಪ ಮಿಣುಕಿಸುವ ಚಾಳಿ ನಮ್ಮ ಊರುಗಳಲ್ಲಿ ಬಹಳ. ಅದು ತಪ್ಪು. ಪಕ್ಕದಿಂದ ನೋಡುವವರಿಗೆ ಒಂದೇ ದೀಪ ಕಾಣುತ್ತದೆ, ನೀನು ಅವರ ಕಡೆ ತಿರುಗುತ್ತೀಯ ಅಂದುಕೊಳ್ಳುತ್ತಾರೆ. ಇನ್ನು ಬಲಕ್ಕೆ ತಿರುಗಲು ನಡುರಸ್ತೆಯಲ್ಲಿ ಕಾಯುವಾಗ ಸ್ಟೀರಿಂಗ್ ಮೊದಲೇ ತಿರುಗಿಸಿಟ್ಟುಕೊಳ್ಳಬೇಡ. ಚಕ್ರ ನೇರ ಇರಲಿ. ಹಿಂದಿನಿಂದ ಯಾರಾದರೂ ಗುದ್ದಿದರೆ, ತಿರುಗಿದ ಚಕ್ರ ನಿನ್ನನ್ನು ಎದುರು ಬರುವ ಬಸ್ಸಿನ ಕೆಳಗೆ ಒಯ್ಯುತ್ತದೆ.

ಲಾರಿಗಳ ವಿಷಯ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಸಿರುಗುಪ್ಪದಿಂದ ಬಳ್ಳಾರಿಗೆ ಭತ್ತದ ಲೋಡ್ ಹೊಡೆದವನು ನಾನು, ಆ ಸೀಟಿನಿಂದ ಏನು ಕಾಣುತ್ತದೆ, ಏನು ಕಾಣೋದಿಲ್ಲ ಅಂತ ಚೆನ್ನಾಗಿ ಬಲ್ಲೆ. ಎಡಗಡೆ ಬಾಗಿಲಿನ ಕೆಳಗೆ ನಿನ್ನಂಥ ಸಣ್ಣ ಕಾರು ಬಂದು ನಿಂತರೆ ಡ್ರೈವರ್‌ಗೆ ಕಾಣೋದಿಲ್ಲ. ಮೂತಿಗೆ ಅಂಟಿಕೊಂಡು ನಿಂತರೂ ಅಷ್ಟೇ. ಲಾರಿ ಎಡಕ್ಕೆ ತಿರುಗುವಾಗ ಮೊದಲು ಬಲಕ್ಕೆ ಅಗಲವಾಗಿ ಹೋಗುತ್ತದೆ. ಎಡಗಡೆ ಜಾಗ ಬಿಟ್ಟರು ಅಂತ ಹೊಸಬರು ಅಲ್ಲಿ ತೂರುತ್ತಾರೆ. ಆಗ ಹಿಂದಿನ ಚಕ್ರಗಳು ಮೂಲೆ ಕತ್ತರಿಸಿಕೊಂಡು ಒಳಗೆ ಬರುತ್ತವೆ, ಕಾರಿಗೆ ಹೊರಗೆ ಹೋಗಲು ದಾರಿಯೇ ಇರೋದಿಲ್ಲ. ಹೊಸಪೇಟೆ ರಸ್ತೆಯಲ್ಲಿ ಅದಿರಿನ ಲಾರಿ ಸಿಕ್ಕರೆ ಅದರ ಹಿಂದೆಯೇ ದೂರ ಬಿಟ್ಟು ನಿಲ್ಲು. ಲಾರಿಯ ಕನ್ನಡಿಯಲ್ಲಿ ಡ್ರೈವರ್ ಮುಖ ನಿನಗೆ ಕಾಣದಿದ್ದರೆ ನೀನೂ ಅವನಿಗೆ ಕಾಣುತ್ತಿಲ್ಲ.

ರೈಲ್ವೆ ಗೇಟ್ ಹಾಕಿದಾಗ ಎದುರಿನವರ ಜಾಗಕ್ಕೂ ನುಗ್ಗಿ ಎರಡು ಮೂರು ಸಾಲು ಮಾಡುತ್ತಾರೆ. ನೀನು ನಿನ್ನ ಸಾಲಿನಲ್ಲೇ ಇರು. ಆಚೆ ಬದಿಗೆ ನಿನ್ನ ಕಾರು ಹಿಡಿಯುವಷ್ಟು ಜಾಗ ಕಾಣುವವರೆಗೆ ಹಳಿ ಮೇಲೆ ಚಕ್ರ ಇಡಬೇಡ. ಮಳೆ ಬಂದು ಅಂಡರ್‌ಬ್ರಿಡ್ಜ್‌ನಲ್ಲಿ ನೀರು ನಿಂತಿದ್ದರೆ ಸುತ್ತಿ ಬಳಸಿ ಹೋಗು, ತಡವಾದರೂ ಪರವಾಗಿಲ್ಲ. ನೀನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಆಂಬುಲೆನ್ಸ್ ಬಗ್ಗೆ ನಿನಗೆ ಹೇಳಬೇಕಾಗಿಲ್ಲ. ದಾರಿ ಬಿಡುವ ಗಡಿಬಿಡಿಯಲ್ಲಿ ಎಡಗಡೆಯ ಬೈಕ್‌ನವರನ್ನು ಮರೆಯಬೇಡ, ಅಷ್ಟೇ.

ಭಾನುವಾರ ನಸುಕಿನ ಬಸ್ಸಿಗೆ ಬರುತ್ತೇನೆ. ಮೊದಲು ಊರು ಖಾಲಿ ಇರುವಾಗ ಮೋತಿ ಸರ್ಕಲ್, ಸಂಗಮ್ ಸರ್ಕಲ್, ಎಸ್ಪಿ ಸರ್ಕಲ್ ಎಲ್ಲ ಸುತ್ತೋಣ. ಎಲ್ಲಿ ಲೇನ್ ಬದಲಿಸಬೇಕು, ಎಲ್ಲಿ ಸ್ಟಾಪ್ ಲೈನ್ ಇದೆ ಅಂತ ಗಾಡಿ ನಿಲ್ಲಿಸಿ ನೋಡೋಣ. ತಿಂಡಿ ತಿಂದು, ಅಂಗಡಿ ತೆರೆದು ಜನ ಸೇರಿದ ಮೇಲೆ ರಾಯಲ್ ಸರ್ಕಲ್‌ಗೆ ಹೋಗೋಣ. ಎಷ್ಟು ಸಲ ಬೇಕಾದರೂ ಸುತ್ತು ಹಾಕು. ನಾನು ಪಕ್ಕದಲ್ಲಿ ಕೂತಿರುತ್ತೇನೆ, ನೀನು ಕೇಳದೆ ಬಾಯಿ ಬಿಡೋದಿಲ್ಲ. ಶನಿವಾರವೇ ಟೈರ್‌ಗೆ ಗಾಳಿ ಹಾಕಿಸಿಡು. ಆ ಹಿಮ್ಮಡಿ ಎತ್ತರದ ಚಪ್ಪಲಿ ಬೇಡ, ಪೆಡಲ್‌ಗೆ ಸಿಕ್ಕಿಕೊಳ್ಳುತ್ತದೆ. ಡ್ಯೂಟಿ ಶೂ ಹಾಕಿಕೊಂಡು ಬಾ.

ಇಂತಿ,
ನಿನ್ನ ಅಪ್ಪ