ಗೆಲಿಲಿಯೊ ಪುಕ್ಕಲ ಅಂದೆಯಲ್ಲ, ಅದಕ್ಕೆ ಈ ಪತ್ರ

ಪ್ರೀತಿಯ ಮಂಜು,

ಚರ್ಚಿಗೆ ಒಪ್ಪದ ತನ್ನ ಮಾತು ಬಿಡದೆ ಬ್ರೂನೋ 1600ರಲ್ಲಿ ಬೆಂಕಿಗೆ ಹೋದ, ಗೆಲಿಲಿಯೊ ಮಂಡಿಯೂರಿ ಬಚಾವಾದ, ಪುಕ್ಕಲ ಅಂತ ಮೊನ್ನೆ ಫೋನಿನಲ್ಲಿ ಅಂದೆ. ನಾನು ಬಸ್ಸಿನಲ್ಲಿದ್ದೆ, ಸುಮ್ನೆ ಹೂಂಗುಟ್ಟಿದೆ. ಒಪ್ಪಿರಲಿಲ್ಲ ಮಾರಾಯ.

1610ರ ಜನವರಿ 7ರ ರಾತ್ರಿ, ಇಟಲಿಯ ಪಡುವಾದಲ್ಲಿ, ಗೆಲಿಲಿಯೊ ತಾನೇ ಗಾಜು ಉಜ್ಜಿ ಮಾಡಿಕೊಂಡ ದೂರದರ್ಶಕದಲ್ಲಿ ಗುರುಗ್ರಹದ ಪಕ್ಕ ಮೂರು ಚುಕ್ಕಿ ನೋಡಿದ. ಮರುದಿನ ಅವು ಜಾಗ ಬದಲಿಸಿದ್ದವು. ವಾರದೊಳಗೆ ನಾಲ್ಕನೆಯದೂ ಕಂಡಿತು. ಎಲ್ಲವೂ ಭೂಮಿಯನ್ನೇ ಸುತ್ತಬೇಕು ಅನ್ನುವ ಹಳೇ ಲೆಕ್ಕಕ್ಕೆ ಸೊಪ್ಪು ಹಾಕದೆ ಅವು ಗುರುವನ್ನು ಸುತ್ತುತ್ತಿದ್ದವು! ವರ್ಷದ ಕೊನೆಗೆ ಶುಕ್ರ ತುಂಬುಬಿಂಬದಿಂದ ಕುಡುಗೋಲಿನ ಆಕಾರಕ್ಕೆ ಸವೆಯುವುದನ್ನೂ ನೋಡಿದ. ಶುಕ್ರ ಸೂರ್ಯನನ್ನು ಸುತ್ತದಿದ್ದರೆ ಹಾಗೆ ಕಾಣುವುದೇ ಇಲ್ಲ.

1616ರಲ್ಲಿ ಚರ್ಚಿನ ದೊಡ್ಡ ಅಧಿಕಾರಿ ಕಾರ್ಡಿನಲ್ ಬೆಲ್ಲಾರ್ಮಿನ್ ಅವನನ್ನು ಕರೆಸಿ, ಭೂಮಿ ತಿರುಗುತ್ತದೆ ಅನ್ನುವುದನ್ನು ಬಿಡು ಅಂದ. ಆಮೇಲೆ 1623ರಲ್ಲಿ ಬಾರ್ಬೆರಿನಿ ಅನ್ನುವ ಕಾರ್ಡಿನಲ್ ಎಂಟನೇ ಅರ್ಬನ್ ಹೆಸರಿನಲ್ಲಿ ಪೋಪ್ ಆದ. ಹಳೇ ಅಭಿಮಾನಿ, ಗೆಲಿಲಿಯೊನನ್ನು ಹೊಗಳಿ ಪದ್ಯ ಬರೆದವನು. ಗೆಲಿಲಿಯೊಗೆ ಧೈರ್ಯ ಬಂತು. 1632ರಲ್ಲಿ, ಭೂಮಿ ತಿರುಗುತ್ತದೋ ಇಲ್ಲವೋ ಅಂತ ಮೂವರು ವಾದಿಸುವ ಮಾತುಕತೆಯ ಪುಸ್ತಕ ತಂದ, ಅದೂ ಲ್ಯಾಟಿನ್ನಿನಲ್ಲಲ್ಲ, ಜನರ ಇಟಾಲಿಯನ್ನಿನಲ್ಲಿ. ಪೋಪನಿಗೆ ಇಷ್ಟವಾದ ವಾದವನ್ನು ಯಾರ ಬಾಯಿಗೆ ಹಾಕಿದ ಗೊತ್ತಾ? ಉದ್ದಕ್ಕೂ ಸೋಲುವ ಸಿಂಪ್ಲಿಚಿಯೊ ಬಾಯಿಗೆ! ಇದು ಬೇಕಿತ್ತಾ? ಭೂಮಿ ತಿರುಗುವುದಕ್ಕೆ ಸಮುದ್ರದ ಉಬ್ಬರವಿಳಿತವೇ ಸಾಕ್ಷಿ ಅಂತ ಅದರಲ್ಲಿ ಅವನು ಮಾಡಿದ ದೊಡ್ಡ ವಾದ ಬೇರೆ ತಪ್ಪು. ಪುಕ್ಕಲ ಹೀಗೆ ಮಾಡ್ತಾನಾ ಹೇಳು.

ಆ ಪುಸ್ತಕಕ್ಕೆ ಚರ್ಚು ವಿಚಾರಣೆ ನಡೆಸಿದಾಗ, 1633ರ ಜೂನ್ 22ರಂದು ರೋಮಿನಲ್ಲಿ ಮಂಡಿಯೂರಿ ತನ್ನ ಮಾತು ಹಿಂತೆಗೆದುಕೊಂಡ, ನಿಜ. ಆಗ ವಯಸ್ಸು 69, ಮೈಯಲ್ಲಿ ಸುಖವಿಲ್ಲ. ಎದ್ದು ನಿಂತು 'ಆದರೂ ಅದು ತಿರುಗುತ್ತದೆ' ಅಂದನಂತೆ ಅನ್ನುವುದು ನೂರು ವರ್ಷದ ಮೇಲೆ ಅಚ್ಚಾದ ಕಥೆ, ಅದನ್ನು ಬಿಡು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ವಾರಕ್ಕೊಮ್ಮೆ ಬೈಬಲ್ಲಿನ ಏಳು ಪಶ್ಚಾತ್ತಾಪದ ಕೀರ್ತನೆ ಹೇಳಬೇಕು, ಮೂರು ವರ್ಷ, ಅಂತಲೂ ಶಿಕ್ಷೆ ಇತ್ತು. ಕಾನ್ವೆಂಟಿನಲ್ಲಿ ಸನ್ಯಾಸಿನಿಯಾಗಿದ್ದ ಮಗಳು ಮರಿಯಾ ಸೆಲೆಸ್ತೆ, ಅಪ್ಪನ ಪಾಲಿನದ್ದನ್ನು ನಾನೇ ಹೇಳ್ತೀನಿ ಅಂತ ತಗೊಂಡಳು. 1634ರ ಏಪ್ರಿಲಿನಲ್ಲಿ ತೀರಿಕೊಂಡಳು. ಇನ್ನೂ 33.

ಗೆಲಿಲಿಯೊಗೆ ಫ್ಲಾರೆನ್ಸ್ ಪಕ್ಕದ ಅರ್ಚೆತ್ರಿಯ ಮನೆಯಲ್ಲೇ ಸೆರೆ. ಅಲ್ಲೇ ಕೂತು ಮುದುಕ ಚಲನೆಯ ಮೇಲೆ ಹೊಸ ಪುಸ್ತಕ ಮುಗಿಸಿದ, 1638ರಲ್ಲಿ ದೂರದ ಹಾಲೆಂಡಿನ ಲೈಡನ್ನಿನಲ್ಲಿ ಅಚ್ಚಾಯಿತು. ಪ್ರತಿ ಕೈಗೆ ಬರುವಷ್ಟರಲ್ಲಿ ಎರಡೂ ಕಣ್ಣು ಹೋಗಿದ್ದವು.

ಬಂದಾಗ ನಿನ್ನ ಬೈನಾಕ್ಯುಲರ್ ತಾ. ಗೋಡೆಗೆ ಆನಿಸಿ ಹಿಡಿದರೆ ಗುರುವಿನ ಚುಕ್ಕಿಗಳು ನಮಗೂ ಕಾಣುತ್ತವೆ. ಉಳಿದ ಜಗಳ ತಾರಸಿ ಮೇಲೆ.

ನಿನ್ನ,
ಗೆಳೆಯ