ಅಪ್ಪನ್ನ ನೋಡ್ಕೊಂಡವರಿಗೆಲ್ಲ

ಅಪ್ಪನಿಗೆ ಫ್ರಂಟೋಟೆಂಪೊರಲ್ ಡಿಮೆನ್ಶಿಯಾ, ಅಂದ್ರೆ ಮಿದುಳಿನ ಮುಂದಿನ ಮತ್ತು ಪಕ್ಕದ ಭಾಗ ಕುಗ್ತಾ ನಡವಳಿಕೆ ಬದಲಾಗೋ ಕಾಯಿಲೆ ಅಂತ ಗೊತ್ತಾಗಿ ಇವತ್ತಿಗೆ ಎರಡು ವರ್ಷ ಆಯ್ತು, ಈ ಬರಹ ಯಾವಾಗ್ಲೋ ಬರೀಬೇಕಿತ್ತು.

ಅಮ್ಮ ಬಚ್ಚಲಲ್ಲಿ ಜಾರಿಬಿದ್ದು ಮಣಿಕಟ್ಟು ಮುರ್ಕೊಂಡು ನರಳ್ತಾ ಇದ್ರೆ ಅಪ್ಪ ಅವಳನ್ನ ದಾಟ್ಕೊಂಡು ಹೋಗಿ ಕೈ ತೊಳ್ಕೊಂಡು ಬಂದು ಕಾಫಿ ಆಯ್ತಾ ಅಂದ್ರು. ಅವತ್ತು ಬಾಯಿಗೆ ಬಂದಹಾಗೆ ಬೈದ್ಬಿಟ್ಟೆ ಅವರನ್ನ, ಈಗ ನೆನೆಸ್ಕೊಂಡ್ರೆ ಅಳು ಬರತ್ತೆ. ಹೆಸರು, ಬ್ಯಾಂಕ್ ಲೆಕ್ಕ, ಫೋನ್ ನಂಬರ್ ಎಲ್ಲಾ ನೆನಪಿರೋ ಮನುಷ್ಯನಿಗೆ ಡಿಮೆನ್ಶಿಯಾ ಅಂತ ಯಾರಿಗೆ ಹೊಳೆಯತ್ತೆ ಹೇಳಿ, ಮೊದಲು ತೋರಿಸಿದ ಕಡೆ ಡಿಪ್ರೆಶನ್ ಅಂತ ಮಾತ್ರೆ ಕೊಟ್ರು, ನೆಂಟರು ಕೊಬ್ಬು ಅಂದ್ರು.

ಆಮೇಲೆ ಸಿಕ್ಕ ನ್ಯೂರಾಲಜಿ ಡಾಕ್ಟರ್ ಮೇಡಂ, ಮೊದಲ ಥ್ಯಾಂಕ್ಸ್ ನಿಮಗೆ. ಸ್ಕ್ಯಾನ್ ಹಿಡ್ಕೊಂಡು ಅರ್ಧ ಗಂಟೆ ಕೂತು ಮಿದುಳಿನ ಮುಂಭಾಗ ಎಲ್ಲೆಲ್ಲಿ ಕುಗ್ಗಿದೆ ಅಂತ ತೋರಿಸಿದ್ರಿ, ಒಳಗಡೆ ಇನ್ಸುಲಾ ಅಂತ ಒಂದು ಜಾಗ ಇದೆ, ನಮ್ಮ ಎದೆಬಡಿತ, ಹೊಟ್ಟೆ ತೊಳಸೋದು, ನೋವು ಇವೆಲ್ಲ ನಮ್ಮ ಅರಿವಿಗೆ ಬರೋದ್ರಲ್ಲಿ ಅದರದ್ದು ದೊಡ್ಡ ಪಾತ್ರ, ಇನ್ನೊಬ್ಬರ ನೋವು ನೋಡ್ದಾಗ್ಲೂ ಅದೇ ಕೆಲಸ ಮಾಡತ್ತೆ ಅಂದ್ರಿ. ಮನೆಗೆ ಬಂದು ಓದ್ದೆ. 2004ರಲ್ಲಿ ಲಂಡನ್ನಲ್ಲಿ ಟಾನಿಯಾ ಸಿಂಗರ್ ಅನ್ನೋ ಮಿದುಳು ಸಂಶೋಧಕಿಯ ತಂಡ 16 ಹೆಂಗಸರನ್ನ ಸ್ಕ್ಯಾನರ್ ಒಳಗೆ ಮಲಗಿಸಿ ಒಂದ್ಸಲ ಅವರ ಕೈಗೆ, ಒಂದ್ಸಲ ಪಕ್ಕದಲ್ಲಿ ಕೂತ ಸಂಗಾತಿ ಕೈಗೆ ಶಾಕ್ ಕೊಟ್ಟು ನೋಡಿತ್ತು. ನೋವು ಎಲ್ಲಿ ಆಯ್ತು ಅಂತ ಗುರುತಿಸೋ ಭಾಗ ತಮಗೇ ಶಾಕ್ ಹೊಡೆದಾಗ ಮಾತ್ರ ಚುರುಕಾಗಿತ್ತು, ಆದ್ರೆ ಇನ್ಸುಲಾದ ಮುಂಭಾಗ ಎರಡು ಸಲಾನೂ ಚುರುಕಾಗಿತ್ತು. ಇದನ್ನೇ ಅಲ್ವಾ ನಮ್ಮಜ್ಜಿ ಕರುಳು ಚುರುಕ್ ಅಂತು ಅಂತಿದ್ದಿದ್ದು! ಅಪ್ಪನಿಗೆ ಆ ಚುರುಕ್ ಅನ್ನೋದೇ ಈಗ ತಲುಪ್ತಾ ಇಲ್ಲ, ಅಷ್ಟೇ. ಇದು ಗೊತ್ತಾದ್ಮೇಲೆ ಅಮ್ಮ ಎಷ್ಟೋ ತಿಂಗಳ ನಂತರ ಸರಿಯಾಗಿ ನಿದ್ದೆ ಮಾಡಿದ್ಲು.

ಪಕ್ಕದ್ಮನೆ ಆಂಟಿ, ಮಧ್ಯಾಹ್ನ ಮಧ್ಯಾಹ್ನ ಬಂದು ಅಪ್ಪನ ಹತ್ರ ಕೂತು ಹೇಳಿದ್ದೇ ಹೇಳೋದನ್ನ ಕೇಳಿಸ್ಕೊಂಡ್ರಿ, ಒಂದಿನಾನೂ ಮುಖ ಸಿಂಡರಿಸಲಿಲ್ಲ. ಮೂಲೆ ಬೇಕರಿ ಅಣ್ಣ, ಈ ಕಾಯಿಲೇಲಿ ಸಿಹಿ ಚಪಲ ಜಾಸ್ತಿ ಆಗತ್ತೆ, ಅಪ್ಪ ದುಡ್ಡು ಕೊಡದೆ ದಿಲ್‌ಪಸಂದ್ ಎತ್ಕೊಂಡು ಹೊರಟ್ರೆ ನೀವು ನಾಲ್ಕು ಜನರ ಮುಂದೆ ಒಂದು ಮಾತು ಆಡ್ಲಿಲ್ಲ, ಸುಮ್ನೆ ಬರ್ಕೊಂಡು, ಹುಡುಗನ್ನ ಮನೆ ತನಕ ಜೊತೆಗೆ ಕಳಿಸಿದ್ರಿ. ಅಪ್ಪ ನಿಮಗೆ ಥ್ಯಾಂಕ್ಸ್ ಹೇಳಲ್ಲ ಅಣ್ಣ, ಅದಕ್ಕೆ ಅವರ ಪರವಾಗಿ ನಾನು ಹೇಳ್ತಾ ಇದೀನಿ. ಭಾನುವಾರ ಬಂದು ಈ ತಿಂಗಳ ಲೆಕ್ಕ ಚುಕ್ತಾ ಮಾಡ್ತೀನಿ.