ಐದು ಕಂತುಗಳಿಗೇ ನಿಂತುಹೋದ ಎರಡನೆಯ ಸೀಸನ್ ಕುರಿತು ದೂರು

ಮಾಟುಂಗಾ, ಮುಂಬಯಿ
22 ನವೆಂಬರ್ 2023

ವ್ಯವಸ್ಥಾಪಕರು, ಗ್ರಾಹಕ ದೂರು ವಿಭಾಗ, ಇವರಿಗೆ

ಮಾನ್ಯರೇ,

ಕಳೆದ ಆಗಸ್ಟ್ 20ರಂದು ನಿಮ್ಮ ಬ್ರಾಡ್‌ಬ್ಯಾಂಡ್ ಸಂಪರ್ಕದ ವಾರ್ಷಿಕ ಪ್ಯಾಕನ್ನು ಜಿಎಸ್‌ಟಿ ಸೇರಿ 8,496 ರೂಪಾಯಿಗೆ ತೆಗೆದುಕೊಂಡಿದ್ದೆ. ಇದೇ ಹಣದಲ್ಲಿ ನಾಲ್ಕು ಓಟಿಟಿ ಆ್ಯಪ್‌ಗಳು 12 ತಿಂಗಳು ಸಿಗುತ್ತವೆಂದು ನಿಮ್ಮ ರಸೀದಿಯಲ್ಲೇ ಮುದ್ರಿಸಿದ್ದೀರಿ. ಇಂಟರ್‌ನೆಟ್ಟಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ನಾವು ಅರ್ಧ ನೋಡಿ ನಿಲ್ಲಿಸಿದ್ದ ‘ಸ್ಕ್ಯಾಮ್’ ಸರಣಿಯ ಎರಡನೆಯ ಸೀಸನ್ ‘ಸ್ಕ್ಯಾಮ್ 2003: ದ ತೆಲಗಿ ಸ್ಟೋರಿ’ ಇರುವ ಆ್ಯಪ್ ಮಾತ್ರ ನವೆಂಬರ್ 1ರಿಂದ ತೆರೆಯುತ್ತಿಲ್ಲ.

ನವೆಂಬರ್ 3ರ ರಾತ್ರಿ ಕರೆ ಮಾಡಿದಾಗ, ಆ ಆ್ಯಪಿನೊಂದಿಗಿನ ಒಪ್ಪಂದ ಮುಗಿದಿದೆ, ಬೇಕಿದ್ದರೆ ಪ್ರತ್ಯೇಕವಾಗಿ ಹಣ ಕಟ್ಟಿರಿ ಎಂದರು. 13ರಂದು ಬಂದ ಇಮೇಲಿನಲ್ಲಿ, ಸದರಿ ಸೀಸನ್ ಐದು ಕಂತುಗಳದ್ದಾಗಿದ್ದು ನೀವು ಅದನ್ನು ಪೂರ್ತಿ ವೀಕ್ಷಿಸಿರುವುದರಿಂದ ನಿಮಗೆ ನಷ್ಟವಾಗಿಲ್ಲ ಎಂದು ಬರೆದಿದ್ದಾರೆ. ಈ ಮಾತು ಸುಳ್ಳು. ಷೇರುಪೇಟೆ ಹಗರಣದ ಹರ್ಷದ್ ಮೆಹ್ತಾ ಕುರಿತ ಮೊದಲ ಸೀಸನ್ 2020ರಲ್ಲಿ ಹತ್ತು ಕಂತುಗಳಲ್ಲಿ ಬಂದಿತ್ತು, ಎರಡನೆಯದೂ ಹತ್ತೇ. ಐದು ಸೆಪ್ಟೆಂಬರ್ 1ರಂದು, ಉಳಿದ ಐದು ನವೆಂಬರ್ 3ರಂದು ಬಿಡುಗಡೆಯಾದವು. ಅಂದರೆ, ಉಳಿದರ್ಧ ಬರುವುದಕ್ಕೆ ಎರಡು ದಿನ ಮೊದಲೇ ನೀವು ಬಾಗಿಲು ಹಾಕಿದ್ದೀರಿ. ವಿಚಾರಿಸದೆ ಗ್ರಾಹಕರಿಗೆ ಹೀಗೆ ಉತ್ತರ ಬರೆಯುವುದು ಆ್ಯಪ್ ನಿಲ್ಲಿಸಿದ್ದಕ್ಕಿಂತಲೂ ಹೆಚ್ಚು ನೋವು ತಂದಿತು.

ಈ ಸರಣಿಗಾಗಿ ಇಷ್ಟು ಬರೆಯಬೇಕೇ ಎಂದು ನಿಮಗೆ ಅನ್ನಿಸಬಹುದು. ನಮ್ಮ ತಂದೆಯವರು ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆಯವರು. ಅಬ್ದುಲ್ ಕರೀಂ ತೆಲಗಿಯೂ ಅದೇ ಖಾನಾಪುರದವನು. ರೈಲಿನಲ್ಲಿ ಹಣ್ಣು ಮಾರುತ್ತಿದ್ದ ಹುಡುಗ ನಕಲಿ ಛಾಪಾ ಕಾಗದದ ಜಾಲವನ್ನು ರಾಜ್ಯರಾಜ್ಯಗಳಿಗೆ ಹಬ್ಬಿಸಿ, 2001ರಲ್ಲಿ ಅಜ್ಮೇರಿನಲ್ಲಿ ಸಿಕ್ಕಿಬಿದ್ದು, 30 ವರ್ಷಗಳ ಶಿಕ್ಷೆಗೆ ಗುರಿಯಾಗಿ, 2017ರಲ್ಲಿ ಬೆಂಗಳೂರಿನಲ್ಲಿ ಕೈದಿಯಾಗಿಯೇ ತೀರಿಕೊಂಡನೆಂಬುದು ಎಲ್ಲರಿಗೂ ಗೊತ್ತು. ತಂದೆಯವರಿಗೆ ಅದು ಪತ್ರಿಕೆಯಲ್ಲಿ ಓದಿದ ಸುದ್ದಿಯಷ್ಟೇ ಅಲ್ಲ. ಮುಂಬಯಿಯ ಫೋರ್ಟ್ ಪ್ರದೇಶದ ವಕೀಲರೊಬ್ಬರ ಬಳಿ ಗುಮಾಸ್ತರಾಗಿದ್ದ ಅವರು, ಹಗರಣ ಬಯಲಾದ ದಿನಗಳಲ್ಲಿ ಹಳೆಯ ಬಾಡಿಗೆ ಕರಾರು, ಖರೀದಿಪತ್ರಗಳ ಒಂದೊಂದು ಛಾಪಾ ಕಾಗದವನ್ನೂ ಬೆಳಕಿಗೆ ಹಿಡಿದು ನೋಡುತ್ತ, ತಾವೇ ಕೊಂಡು ತಂದ ಕಾಗದ ನಕಲಿಯಾಗಿದ್ದರೆ ಕಕ್ಷಿದಾರರಿಗೆ ಏನು ಹೇಳುವುದೆಂದು ರಾತ್ರಿ ನಿದ್ದೆ ಬಿಟ್ಟವರು. ಈಗ ಅವರಿಗೆ 79 ವರ್ಷ. ಐದು ಕಂತುಗಳನ್ನು ನನ್ನ ಪಕ್ಕದಲ್ಲಿ ಕುಳಿತು, ನಡುನಡುವೆ ನಿಲ್ಲಿಸಲು ಹೇಳಿ, ಆಗ ತಮ್ಮ ಕಚೇರಿಯಲ್ಲಿ ನಡೆದದ್ದನ್ನು ವಿವರಿಸುತ್ತ ನೋಡಿದರು. ಉಳಿದದ್ದು ಯಾವಾಗ ಎಂದು ಈಗಲೂ ಪ್ರತಿ ಸಂಜೆ ಕೇಳುತ್ತಾರೆ.

ಬೇರೆ ಹಣ ಕಟ್ಟಿ ಅವರಿಗೆ ತೋರಿಸಲು ನನ್ನಿಂದ ಆಗದೆಂದಲ್ಲ. ಈಗಾಗಲೇ ಕೊಂಡದ್ದಕ್ಕೆ ಮತ್ತೊಮ್ಮೆ ಹಣ ಕೊಡುವುದು ಸರಿಯಲ್ಲ. ಆದ್ದರಿಂದ ಆ ಆ್ಯಪನ್ನು 2024ರ ಆಗಸ್ಟ್ 19ರವರೆಗೆ ಹೆಚ್ಚಿನ ಶುಲ್ಕವಿಲ್ಲದೆ ಒದಗಿಸಬೇಕು, ಆಗದಿದ್ದರೆ ಆ ಅವಧಿಗೆ ಅದೇ ಆ್ಯಪಿನ ಚಂದಾ ಎಷ್ಟಾಗುತ್ತದೋ ಅಷ್ಟನ್ನು ನನ್ನ ಖಾತೆಗೆ ಮರಳಿಸಬೇಕು. ಜೊತೆಗೆ, 13ರ ಇಮೇಲಿನಲ್ಲಿರುವ ತಪ್ಪನ್ನು ಲಿಖಿತವಾಗಿ ಸರಿಪಡಿಸಬೇಕೆಂದೂ ಕೋರುತ್ತೇನೆ. ಹದಿನೈದು ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ರಸೀದಿ ಮತ್ತು ಇಮೇಲಿನ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ವಾರ್ಷಿಕ ಪ್ಯಾಕಿನ ಗ್ರಾಹಕ, ಮಾಟುಂಗಾ